ಮನೆಯ ಪಾಠವೂ ಮಡಿಲ ಕಡತವೂ

ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲಿಯೇ ವಿದ್ಯೆ ಕಲಿಸುವ ಕುಟುಂಬಗಳು ನಮ್ಮ ದೇಶದಲ್ಲಿ ಅತ್ಯಲ್ಪವೆಂಬುದು ದಿಟ. ಆದರೂ ಬೆಂಗಳೂರಿನಂತಹ ನಗರಗಳಲ್ಲಿ ಅಂತಹ ಕುಟುಂಬಗಳುಂಟು. ಅವುಗಳ ವಿಷಯವಾಗಿ ಬಂಧುಗಳೂ ನೆರೆಹೊರೆಯವರೂ ಅಧಿಕಾರಿಗಳೂ ಕೇಳುವ ಪ್ರಶ್ನೆ ಮಾತ್ರ ಒಂದೇ ಆಗಿದೆ: ಈ ಮಗು ಏನನ್ನಾದರೂ ಕಲಿತಿದೆಯೆಂಬುದಕ್ಕೆ ಪ್ರಮಾಣವೇನು? ಪ್ರಶ್ನೆಯು ನ್ಯಾಯವಾದುದು. ಶಾಲೆಗೆ ಹೋಗುವ ಬಾಲಕನಿಗೆ ಹಾಜರಿ ಪುಸ್ತಕವಿದೆ, ಅಂಕಪಟ್ಟಿಯಿದೆ, ಮುಖ್ಯೋಪಾಧ್ಯಾಯರ ರುಜುವೂ ಮೊಹರೂ ಇವೆ. ಮನೆಯಲ್ಲಿ ಓದುವ ಬಾಲಕನಿಗೆ ಇವು ಯಾವುವೂ ಇಲ್ಲ. ತಂದೆತಾಯಿಗಳ ಮಾತೊಂದೇ ಅವನ ಪರವಾದ ಸಾಕ್ಷ್ಯ. ಹೆತ್ತವರಿಗೆ ಹೆಗ್ಗಣ ಮುದ್ದೆಂಬ ಗಾದೆಯನ್ನು ಬಲ್ಲ ಲೋಕವು ಆ ಸಾಕ್ಷ್ಯವನ್ನು ಎಷ್ಟರ ಮಟ್ಟಿಗೆ ನಂಬೀತು?

ಈ ಪ್ರಶ್ನೆಗೆ ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಮನೆಯಲ್ಲೇ ಪಾಠ ಹೇಳುವ ಕುಟುಂಬಗಳು ಕಂಡುಕೊಂಡಿರುವ ಉತ್ತರಗಳಲ್ಲಿ ಒಂದು ಅತಿ ಸರಳವಾದುದು. ಅದಕ್ಕೆ ಅವರು ಲ್ಯಾಪ್‌ಬುಕ್ ಎಂದು ಹೆಸರಿಟ್ಟಿದ್ದಾರೆ. ಎಂದರೆ ಮಗು ತನ್ನ ತೊಡೆಯ ಮೇಲಿಟ್ಟುಕೊಂಡು ಬಿಚ್ಚಬಹುದಾದ ಹೊತ್ತಗೆ. ನಾವು ಅದನ್ನು ಮಡಿಲ ಕಡತವೆಂದು ಕರೆಯುವೆವು. ಹಾಗೆ ಕರೆಯುವುದಕ್ಕೆ ಕಾರಣವನ್ನು ಮುಂದೆ ಹೇಳುವೆವು. ನಮ್ಮ ಅಭಿಪ್ರಾಯವನ್ನು ಮಾತ್ರ ಮೊದಲೇ ತಿಳಿಸಿಬಿಡುವುದು ಮೇಲು. ಈ ಕಡತವು ಮಗುವಿನ ಸ್ವಂತ ಕೈಯಿಂದ ಆದುದಾದರೆ ಅದು ಒಳ್ಳೆಯ ಪಾಠವೂ ಹೌದು, ಒಳ್ಳೆಯ ಸಾಕ್ಷ್ಯವೂ ಹೌದು. ಹಿರಿಯರ ಕೈ ಅದರಲ್ಲಿ ಸೇರಿತೆಂದರೆ ಎರಡೂ ಕೆಡುವುವು.

ಗೃಹಶಿಕ್ಷಣವು ಅಮೇರಿಕೆಯಲ್ಲಿ ಇಂದು ಅಪರೂಪದ ಸಂಗತಿಯಲ್ಲ. ಶಾಲೆಗಳ ಕಟು ಟೀಕಾಕಾರನಾಗಿದ್ದ ಜಾನ್ ಹೋಲ್ಟ್ ಎಂಬ ಉಪಾಧ್ಯಾಯನು ೧೯೭೭ರಲ್ಲಿ ಮನೆಪಾಠದ ಕುಟುಂಬಗಳಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದನು. ೧೯೯೩ರ ಹೊತ್ತಿಗೆ ಆ ದೇಶದ ಐವತ್ತು ಸಂಸ್ಥಾನಗಳಲ್ಲಿಯೂ ಮನೆಯ ಪಾಠಕ್ಕೆ ಕಾನೂನಿನ ಮನ್ನಣೆ ದೊರಕಿತ್ತು. ೧೯೯೯ರಲ್ಲಿ ಸುಮಾರು ಎಂಟೂವರೆ ಲಕ್ಷವಾಗಿದ್ದ ಇಂತಹ ಮಕ್ಕಳ ಸಂಖ್ಯೆಯು, ಅಲ್ಲಿನ ಸರ್ಕಾರದ ಅಂದಾಜಿನಂತೆ, ೨೦೧೨ರಲ್ಲಿ ಸುಮಾರು ಹದಿನೆಂಟು ಲಕ್ಷಕ್ಕೆ ಏರಿತ್ತು. ಇಷ್ಟು ಮಂದಿ ತಾಯಂದಿರು ಅಡಿಗೆಮನೆಯ ಮೇಜನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡಾಗ, ಹೆಚ್ಚು ಖರ್ಚಿಲ್ಲದೆ, ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ವಿಷಯದ ಸುತ್ತ ಕುಳ್ಳಿರಿಸುವ ಉಪಾಯವೊಂದು ಬೇಕಾಯಿತು. ಲ್ಯಾಪ್‌ಬುಕ್ ಆ ಅಗತ್ಯವನ್ನು ಪೂರೈಸಿತು.

ಅದರ ರಚನೆ ಹೀಗಿದೆ. ಕಚೇರಿಗಳಲ್ಲಿ ಕಾಗದಗಳನ್ನು ಇಡುವ ದಪ್ಪ ರಟ್ಟಿನ ಸಾಧಾರಣ ಫೈಲೊಂದನ್ನು ಬಿಚ್ಚಿ, ಅದರ ಎಡಬಲದ ಅಂಚುಗಳು ನಡುವಿನಲ್ಲಿ ಸಂಧಿಸುವಂತೆ ಒಳಕ್ಕೆ ಮಡಿಸುವುದು. ಆಗ ಅದು ಎರಡು ಕದಗಳುಳ್ಳ ಗೂಡಿನಂತೆ ತೆರೆಯುವುದು. ಕಲಿಯಬೇಕಾದ ವಿಷಯವೊಂದನ್ನು ಆರಿಸಿಕೊಂಡು, ಅದರ ಒಂದೊಂದು ಅಂಗಕ್ಕೆ ಒಂದೊಂದು ಪುಟ್ಟ ಹೊತ್ತಗೆಯನ್ನು ಮಗುವೇ ಕತ್ತರಿಸಿ, ಮಡಿಸಿ, ಬರೆದು, ಗೋಂದಿನಿಂದ ಒಳಗೆ ಅಂಟಿಸುವುದು. ಒಂದು ಹೊತ್ತಗೆ ಬೀಸಣಿಗೆಯಂತೆ ನೆರಿಗೆನೆರಿಗೆಯಾಗಿ ತೆರೆಯುವುದು. ಇನ್ನೊಂದರಲ್ಲಿ ಮೇಲೆ ಪ್ರಶ್ನೆಯೂ ಮುಚ್ಚಳದ ಕೆಳಗೆ ಉತ್ತರವೂ ಇರುವುವು. ಮತ್ತೊಂದು ತಿರುಗುವ ಚಕ್ರ. ಮಗುದೊಂದು ಚೀಟಿಗಳನ್ನಿಡುವ ಲಕೋಟೆ. ಎರಡು ಮೂರು ವಾರಗಳಲ್ಲಿ ಕಡತವು ತುಂಬುವುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂಬತ್ತು ವರ್ಷದ ಹುಡುಗಿಯು ರಾಗಿಯ ವಿಷಯವಾಗಿ ಕಡತ ಮಾಡುವಳೆಂದು ಇಟ್ಟುಕೊಳ್ಳುವ. ಅವಳ ಚಕ್ರದಲ್ಲಿ ಹನ್ನೆರಡು ತಿಂಗಳುಗಳಿರುವುವು. ಮಳೆಯಾಶ್ರಯದ ರಾಗಿಯ ಬಿತ್ತನೆಯು ಜೂನ್ ಜುಲೈಗಳಲ್ಲಿಯೂ ಕೊಯ್ಲು ನವೆಂಬರ್ ಡಿಸೆಂಬರ್‌ಗಳಲ್ಲಿಯೂ ಬೀಳುವುದನ್ನು ಅವಳು ತಿರುಗಿಸಿ ತೋರಿಸುವಳು. ನೂರು ಕಾಳುಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ದಿನಕ್ಕೆಷ್ಟು ಮೊಳೆತವೆಂದು ಬರೆದಿಟ್ಟುಕೊಂಡರೆ ಶೇಕಡಾವಾರಿನ ಲೆಕ್ಕವು ತಾನಾಗಿ ಬರುವುದು. ನಕ್ಷೆಯ ಮುಚ್ಚಳವನ್ನು ಎತ್ತಿದಾಗ, ನಮ್ಮದೇ ಎಂದು ನಾವು ಎಣಿಸಿರುವ ಈ ಧಾನ್ಯದ ಮೂಲವು ಪೂರ್ವ ಆಫ್ರಿಕೆಯ ಎತ್ತರದ ಪ್ರದೇಶವೆಂಬ ಸಂಗತಿಯು ಹೊರಬೀಳುವುದು. ಲಕೋಟೆಯಲ್ಲಿ ಅಜ್ಜಿಯಿಂದ ಕೇಳಿ ಬರೆದ ಅಂಬಲಿಯ ವಿಧಾನವಿರುವುದು. ಇದರಲ್ಲಿ ಭೂಗೋಳವಿದೆ, ಗಣಿತವಿದೆ, ಸಸ್ಯಶಾಸ್ತ್ರವಿದೆ, ಭಾಷೆಯಿದೆ; ಆದರೆ ಗಂಟೆ ಬಾರಿಸಿ ಒಂದನ್ನು ಮುಗಿಸಿ ಇನ್ನೊಂದನ್ನು ಆರಂಭಿಸಿದ ಗುರುತಿಲ್ಲ.

ಇದು ಪರದೇಶದ ಹೊಸ ಬೆಡಗೆಂದು ಕೆಲವರು ಮೂಗು ಮುರಿಯಬಹುದು. ಅವರಿಗೆ ಎರಡು ಸಂಗತಿಗಳನ್ನು ನೆನಪಿಗೆ ತರಬಯಸುವೆವು. ಶಿಶುವಿಹಾರದ ಪಿತಾಮಹನಾದ ಫ್ರೋಬೆಲನು ೧೮೩೭ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ತನ್ನ ಸಂಸ್ಥೆಯನ್ನು ತೆರೆದನು. ಅವನು ಮಕ್ಕಳಿಗೆ ಗೊತ್ತುಮಾಡಿದ ಕೈಕೆಲಸಗಳಲ್ಲಿ ಕಾಗದದ ಮಡಿಕೆಯೂ ಒಂದು. ಆ ಮಡಿಕೆಯಿಂದ ಸ್ಫೂರ್ತಿಗೊಂಡು ಜಗತ್ತೇ ಗಮನಿಸಿದ ಗ್ರಂಥವನ್ನು ಬರೆದವರು ದಕ್ಷಿಣ ಭಾರತದ ಒಬ್ಬ ಸರ್ಕಾರಿ ಅಧಿಕಾರಿ. ಮದ್ರಾಸು ಪ್ರಾಂತದ ರೆವಿನ್ಯೂ ಇಲಾಖೆಯಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ತಂಡಲಂ ಸುಂದರರಾಯರು, ಕಾಗದವನ್ನು ಮಡಿಸುವುದರಿಂದಲೇ ರೇಖಾಗಣಿತವನ್ನು ಕಲಿಸುವ ಪುಸ್ತಕವೊಂದನ್ನು ೧೮೯೩ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಪ್ರಖ್ಯಾತ ಗಣಿತಜ್ಞ ಫೆಲಿಕ್ಸ್ ಕ್ಲೈನನು ತನ್ನ ಕೃತಿಯಲ್ಲಿ ಅದನ್ನು ಉಲ್ಲೇಖಿಸಿದನು. ೧೯೦೧ರಲ್ಲಿ ಅದು ಚಿಕಾಗೋ ನಗರದಲ್ಲಿ ಮತ್ತೆ ಅಚ್ಚಾಯಿತು. ತ್ರಿಕೋನಾಕಾರದ ಕಾಗದದ ಮೂರು ಮೂಲೆಗಳನ್ನು ಮಡಿಸಿ ತಳದ ರೇಖೆಯ ಮೇಲೆ ಒಂದೇ ಬಿಂದುವಿನಲ್ಲಿ ಕೂಡಿಸಿದರೆ, ಮೂರು ಕೋನಗಳೂ ಸೇರಿ ಸರಳರೇಖೆಯಾಗುವುದನ್ನು ಮಗು ಕಣ್ಣಾರೆ ಕಾಣುವುದು. ಕಂಠಪಾಠ ಮಾಡಿದ ಸೂತ್ರವು ಮರೆತುಹೋಗಬಹುದು. ತನ್ನ ಬೆರಳುಗಳೇ ಕೂಡಿಸಿದುದನ್ನು ಮಗು ಬೇಗ ಮರೆಯಲಾರದು.

ಇನ್ನು ಎರಡನೆಯ ಸಂಗತಿ. ಮಡಿಕೆಯ ಹೊತ್ತಗೆ ಕನ್ನಡನಾಡಿನ ಪ್ರಾಚೀನ ಸೊತ್ತು. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ನೆರಿಗೆನೆರಿಗೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ನಮ್ಮ ವರ್ತಕರೂ ಶ್ಯಾನುಭೋಗರೂ ಮಠಗಳೂ ಶತಮಾನಗಳ ಕಾಲ ಬಳಸಿದರು. ಶೃಂಗೇರಿ ಮಠದ ಕಡತಗಳು ಚರಿತ್ರಕಾರರಿಗೆ ಚಿರಪರಿಚಿತವಾಗಿವೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಇಂತಹ ಕಡತಗಳನ್ನು ವರ್ಣಿಸಿದ್ದಾನೆ. ಬಟ್ಟೆಯ ಕಡತವು ಹೋಗಿ ಕಾಗದದ ಫೈಲು ಬಂದಾಗ ಆ ಹಳೆಯ ಹೆಸರೇ ಅದಕ್ಕೆ ಅಂಟಿಕೊಂಡಿತು. ಇಂದಿಗೂ ನಮ್ಮ ಕಚೇರಿಗಳಲ್ಲಿ ಫೈಲೆಂದರೆ ಕಡತವೇ. ಅಮೇರಿಕೆಯ ತಾಯಂದಿರು ಕಚೇರಿಯ ಫೈಲನ್ನು ಮಡಿಸಿ ಮಗುವಿನ ಕೈಗೆ ಕೊಟ್ಟಾಗ, ತಮಗೆ ತಿಳಿಯದೆಯೇ ನಮ್ಮ ಕಡತದ ಎರಡು ಅರ್ಥಗಳನ್ನೂ ಒಂದುಗೂಡಿಸಿದರು. ಇದಕ್ಕೆ ಮಡಿಲ ಕಡತವೆಂಬ ಹೆಸರನ್ನು ನಾವು ಸೂಚಿಸಿರುವುದು ಈ ಕಾರಣದಿಂದ.

ಹೆಸರು ಚೆನ್ನಾಗಿದ್ದ ಮಾತ್ರಕ್ಕೆ ವಸ್ತುವು ಚೆನ್ನಾಗಿರಬೇಕೆಂದಿಲ್ಲ. ಕತ್ತರಿಸಿ ಅಂಟಿಸುವುದರಿಂದ ವಿದ್ಯೆ ಬರುವುದೇ ಎಂದು ವಿಚಾರವಂತರು ಕೇಳುವರು. ಬರಿಯ ಅಂಟಿಸುವಿಕೆಯಿಂದ ಬಾರದು. ಮನಸ್ಸು ಯಾವುದನ್ನು ಕುರಿತು ಚಿಂತಿಸಿತೋ ಅದೇ ನೆನಪಿನಲ್ಲಿ ನಿಲ್ಲುವುದು. ಮಗು ಗೋಂದನ್ನು ಕುರಿತೇ ಚಿಂತಿಸಿದರೆ ಅದಕ್ಕೆ ಗೋಂದಿನ ವಿದ್ಯೆ ಬಂದೀತು. ಆದರೆ ಮುಚ್ಚಳದ ಹೊತ್ತಗೆಯಲ್ಲಿ ಒಂದು ಗುಣವಿದೆ. ಅಮೇರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದುದನ್ನು ಪುಸ್ತಕ ಮುಚ್ಚಿ ಜ್ಞಾಪಿಸಿಕೊಂಡು ಬರೆಯಿತು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ತರುವಾಯ ಜ್ಞಾಪಿಸಿಕೊಂಡವರು ಅವರನ್ನು ಹಿಂದೆ ಹಾಕಿದರು. ನಮ್ಮ ಕೂಲಿಮಠದ ಅಯ್ಯನವರು ಸಂಜೆಯ ಹೊತ್ತು ಮಗ್ಗಿಯನ್ನು ಬಾಯಲ್ಲಿ ಒಪ್ಪಿಸಿಕೊಳ್ಳುತ್ತಿದ್ದುದರ ಹಿಂದೆಯೂ ಇದೇ ತತ್ತ್ವವಿತ್ತೆನ್ನಬಹುದು. ಮುಚ್ಚಳವನ್ನು ಎತ್ತುವ ಮೊದಲು ಉತ್ತರ ಹೇಳಬೇಕೆಂಬ ನಿಯಮವಿದ್ದರೆ ಮಡಿಲ ಕಡತವು ಪ್ರತಿದಿನವೂ ಮಗುವನ್ನು ಪರೀಕ್ಷಿಸುವ ಉಪಾಧ್ಯಾಯನಾಗುವುದು. ನಿಯಮವಿಲ್ಲದಿದ್ದರೆ ಅದು ಗೋಡೆಯ ಪಟದಷ್ಟೇ ನಿರುಪಯೋಗಿ.

ಈಗ ಅಪಾಯದ ಕಡೆಗೆ ಗಮನ ಕೊಡೋಣ. ಅಮೇರಿಕೆಯಲ್ಲಿ ಈ ಪದ್ಧತಿಯು ಹರಡಿದೊಡನೆ ವ್ಯಾಪಾರವು ಅದರ ಬೆನ್ನು ಹತ್ತಿತು. ಬಣ್ಣದ ಚಿತ್ರಗಳೂ ಬರೆದಿಟ್ಟ ಉತ್ತರಗಳೂ ಕತ್ತರಿಸಬೇಕಾದ ಗೆರೆಗಳೂ ಅಚ್ಚಾಗಿರುವ ಸಿದ್ಧ ಹಾಳೆಗಳು ಮಾರಾಟಕ್ಕೆ ಬಂದುವು. ಅವುಗಳಿಂದ ತಯಾರಾದ ಕಡತವು ನೋಡುವುದಕ್ಕೆ ಸೊಗಸಾಗಿರುವುದು. ಆದರೆ ಹತ್ತು ಮನೆಗಳ ಹತ್ತು ಕಡತಗಳೂ ಒಂದೇ ಬಗೆಯಾಗಿರುವುವು. ಯಾವುದು ಮುಖ್ಯ, ಯಾವುದು ಅಮುಖ್ಯ, ಯಾವುದನ್ನು ಎಲ್ಲಿ ಇಡಬೇಕು ಎಂಬ ನಿರ್ಧಾರವೇ ಈ ಕೆಲಸದ ಸಾರ. ಅದನ್ನು ಅಂಗಡಿಯವನು ಮಾಡಿಬಿಟ್ಟ ಮೇಲೆ ಮಗುವಿಗೆ ಉಳಿಯುವುದು ಕೂಲಿಯ ಕೆಲಸ ಮಾತ್ರ.

ಇದನ್ನು ಓದಿ ನಮ್ಮ ಪಟ್ಟಣಿಗರು ನಗಬೇಕಾದುದಿಲ್ಲ. ಶಾಲೆಯ ಪ್ರಾಜೆಕ್ಟಿಗಾಗಿ ಹಿಂದಿನ ರಾತ್ರಿ ಥರ್ಮೋಕೋಲನ್ನು ಕೊಯ್ಯುತ್ತ ಕುಳಿತ ತಂದೆಯನ್ನೂ, ಮಗುವು ನಿದ್ದೆಹೋದ ಮೇಲೆ ಅದರ ಹೆಸರಿನಲ್ಲಿ ಚಾರ್ಟು ಬರೆಯುವ ತಾಯಿಯನ್ನೂ ನಾವೆಲ್ಲರೂ ಬಲ್ಲೆವು. ಹೈಸ್ಕೂಲಿನ ಬಳಿಯ ಸ್ಟೇಷನರಿ ಅಂಗಡಿಗಳಲ್ಲಿ ಸಿದ್ಧ ಚಾರ್ಟುಗಳೂ ಸಿದ್ಧ ಮಾದರಿಗಳೂ ಎಂದಿನಿಂದಲೂ ದೊರೆಯುತ್ತಿವೆ. ಮಗುವಿನ ಕೆಲಸಕ್ಕೆ ಹಿರಿಯನು ಅಂಕ ಗಳಿಸುವ ಈ ವಿಚಿತ್ರ ವ್ಯವಸ್ಥೆಯಲ್ಲಿ ಮಗುವು ಕಲಿಯುವ ಪಾಠವೊಂದೇ: ತೋರಿಕೆಯಿದ್ದರೆ ಸಾಕು, ತಿಳಿವು ಬೇಕಿಲ್ಲ. ಮನೆಯಲ್ಲಿ ಪಾಠ ಹೇಳುವವರು ಶಾಲೆಯನ್ನು ಬಿಟ್ಟು ಬಂದುದು ಇಂತಹ ತೋರಿಕೆಯಿಂದ ಪಾರಾಗುವುದಕ್ಕಾಗಿಯಾದರೆ, ಅದನ್ನೇ ಫೈಲಿನೊಳಗೆ ಮಡಿಸಿ ಮನೆಗೆ ತಂದುಕೊಳ್ಳುವುದು ಶೋಚನೀಯವಲ್ಲವೇ?

ಕನ್ನಡದ ಕುಟುಂಬಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. ಕನ್ನಡದಲ್ಲಿ ಇಂತಹ ಸಿದ್ಧ ಹಾಳೆಗಳು ವಿರಳ. ಇದನ್ನು ಕೊರತೆಯೆಂದು ಭಾವಿಸದೆ ಭಾಗ್ಯವೆಂದು ಭಾವಿಸಬೇಕು. ಏಕೆಂದರೆ ಎಲ್ಲವನ್ನೂ ಮಗುವೇ ಬರೆಯಬೇಕಾಗುವುದು. ಆಕರಗಳಿಗೆ ಬರವಿಲ್ಲ. ಶಿವರಾಮ ಕಾರಂತರು ೧೯೩೬ರಷ್ಟು ಹಿಂದೆಯೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಸಿದ್ಧಪಡಿಸಿದರು. ಕೆರೆಯ ಏರಿ, ಕಮ್ಮಾರನ ಕುಲುಮೆ, ಸಂತೆಯ ಅಳತೆ, ಅಂಚೆಕಚೇರಿ ಇವುಗಳಲ್ಲಿ ಒಂದೊಂದೂ ಒಂದೊಂದು ಕಡತಕ್ಕೆ ಸಾಕಾಗುವ ವಿಷಯ.

ಈ ಪದ್ಧತಿಯ ಮಿತಿಯನ್ನೂ ಮರೆಮಾಚಲಾಗದು. ಮಗ್ಗಿಯ ಅಭ್ಯಾಸ, ಬರಹದ ಶುದ್ಧಿ, ದೊಡ್ಡ ಪುಸ್ತಕವೊಂದನ್ನು ಆದ್ಯಂತವಾಗಿ ಓದುವ ತಾಳ್ಮೆ, ಹತ್ತು ಮಂದಿ ಓರಗೆಯವರೊಡನೆ ಸೋತು ಗೆದ್ದು ಬಾಳುವ ನಡತೆ ಇವುಗಳನ್ನು ಯಾವ ಫೈಲೂ ಕಲಿಸದು. ತಂದೆಯ ಉತ್ಸಾಹವೇ ಮಗನ ವಿದ್ಯೆಗೆ ಪ್ರಮಾಣವಾಗಲಾರದೆಂಬುದನ್ನು ಮಹಾತ್ಮರ ಮನೆಯೇ ತೋರಿಸಿಕೊಟ್ಟಿದೆ. ಗಾಂಧಿಯವರು ದಕ್ಷಿಣ ಆಫ್ರಿಕೆಯಲ್ಲಿ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾವೇ ಕಲಿಸಲೆಳಸಿದರು. ತಮಗೆ ಸರಿಯಾದ ವಿದ್ಯೆ ದೊರೆಯಲಿಲ್ಲವೆಂಬ ಕೊರಗು ಹಿರಿಯ ಮಗನಾದ ಹರಿಲಾಲರಲ್ಲಿ ಕೊನೆಯವರೆಗೂ ಉಳಿಯಿತು. ೧೯೩೭ರಲ್ಲಿ ವಾರ್ಧಾದಲ್ಲಿ ಕೈಗೆಲಸದ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ದೇಶದ ಮುಂದೆ ಇಟ್ಟವರೂ ಅವರೇ. ಕೈಯಿಂದ ಕಲಿಯುವ ತತ್ತ್ವವು ಎಷ್ಟು ಉತ್ತಮವಾಗಿದ್ದರೂ, ಮನೆಯ ಹೊರಗಿನವರೊಬ್ಬರು ಫಲವನ್ನು ನೋಡಿ ಹೇಳುವ ಏರ್ಪಾಡು ಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಅಂತಹ ಏರ್ಪಾಡಿನ ವಿಷಯದಲ್ಲಿ ಅಮೇರಿಕೆಯ ಸಂಸ್ಥಾನಗಳಲ್ಲಿಯೇ ಏಕಮತ್ಯವಿಲ್ಲ. ಟೆಕ್ಸಾಸಿನಲ್ಲಿ ಮನೆಪಾಠದವರು ಸರ್ಕಾರಕ್ಕೆ ಯಾವ ವರದಿಯನ್ನೂ ಒಪ್ಪಿಸಬೇಕಾಗಿಲ್ಲ. ಪೆನ್ಸಿಲ್ವೇನಿಯಾದ ೧೯೮೮ರ ಶಾಸನದ ಕ್ರಮ ಬೇರೆ. ಓದಿದ ಪುಸ್ತಕಗಳ ದಿನಚರಿಯನ್ನೂ ಮಗುವು ಮಾಡಿದ ಕೆಲಸಗಳ ಮಾದರಿಗಳನ್ನೂ ಒಂದು ಕಟ್ಟಿನಲ್ಲಿ ಇಟ್ಟಿರಬೇಕು. ಅರ್ಹತೆಯುಳ್ಳ ಪರೀಕ್ಷಕನು ವರ್ಷಕ್ಕೊಮ್ಮೆ ಆ ಕಟ್ಟನ್ನು ನೋಡಿ, ಮಗುವಿನೊಡನೆ ಮಾತನಾಡಿ, ಯೋಗ್ಯ ಶಿಕ್ಷಣವು ನಡೆಯುತ್ತಿದೆಯೆಂದು ಬರೆದುಕೊಡಬೇಕು. ಮೂರು, ಐದು, ಎಂಟನೆಯ ತರಗತಿಗಳ ಮಟ್ಟದಲ್ಲಿ ಗೊತ್ತಾದ ಪರೀಕ್ಷೆಗಳೂ ಉಂಟು. ಇದರಲ್ಲಿ ಕುಟುಂಬದ ಸ್ವಾತಂತ್ರ್ಯವೂ ಮಗುವಿನ ಹಿತವೂ ಏಕಕಾಲದಲ್ಲಿ ರಕ್ಷಿತವಾಗಿವೆ ಎಂದು ನಮಗೆ ತೋರುವುದು.

ನಮ್ಮ ದೇಶದ ಸ್ಥಿತಿಯು ಇಷ್ಟು ನಿಶ್ಚಿತವಾದುದಲ್ಲ. ೨೦೦೨ರ ಎಂಬತ್ತಾರನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಿದ್ಯೆಯ ಅವಕಾಶವನ್ನು ಒದಗಿಸುವುದು ತಂದೆತಾಯಿಗಳ ಕರ್ತವ್ಯವೆಂದು ಸಂವಿಧಾನದಲ್ಲಿ ಬರೆಯಿತು. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಅಧಿನಿಯಮದ ಹತ್ತನೆಯ ಪ್ರಕರಣವಾದರೋ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದೇ ಅವರ ಕರ್ತವ್ಯವೆಂದು ಹೇಳುವುದು. ಸೇರಿಸದವರಿಗೆ ಆ ಪ್ರಕರಣದಲ್ಲಿ ದಂಡನೆಯನ್ನು ವಿಧಿಸಿಲ್ಲ. ಒಂದೆಡೆ ‘ವಿದ್ಯೆ’, ಇನ್ನೊಂದೆಡೆ ‘ಶಾಲೆ’. ಈ ಎರಡು ಮಾತುಗಳ ನಡುವಣ ಸಂದಿನಲ್ಲಿ ಮನೆಪಾಠದ ಮಗು ನಿಂತಿದೆ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವ ದಾರಿಯಿದೆ. ಅದಕ್ಕೆ ಹಿಂದಿನ ಎಂಟು ವರ್ಷಗಳ ಲೆಕ್ಕವನ್ನು ಕೇಳುವವರು ಯಾರು, ಕೊಡುವವರು ಯಾರು?

ಅಧಿಕಾರಿಗಳ ಶಂಕೆಗೆ ಕಾರಣವಿದೆಯೆಂಬುದನ್ನು ಒಪ್ಪಬೇಕು. ಹತ್ತನೆಯ ಪ್ರಕರಣವು ವಿದ್ಯಾವಂತ ತಾಯಿಯ ವಿರುದ್ಧವಾಗಿ ಹುಟ್ಟಿದುದಲ್ಲ. ತಮ್ಮಂದಿರನ್ನು ನೋಡಿಕೊಳ್ಳಲೆಂದು ಮನೆಯಲ್ಲಿ ಉಳಿಸಿಕೊಂಡ ಹುಡುಗಿ, ಬೀಡಿ ಸುತ್ತಲು ಕುಳಿತ ಹುಡುಗ, ಇಂತಹವರಿಗೆ ಅದು ಆಸರೆ. ‘ಮನೆಯಲ್ಲಿಯೇ ಕಲಿಸುತ್ತಿದ್ದೇವೆ’ ಎಂಬ ಮಾತನ್ನು ಕಾನೂನು ಕಣ್ಣುಮುಚ್ಚಿ ನಂಬಿದರೆ, ನಾಳೆ ಆ ಮಾತನ್ನು ಎಲ್ಲರಿಗಿಂತ ಮೊದಲು ಆಡುವವನು ಮಗುವಿನ ದುಡಿಮೆಯನ್ನು ತಿನ್ನುವವನೇ. ಆದುದರಿಂದ ನಿಜವಾಗಿ ಕಲಿಸುವವನನ್ನೂ ನೆಪ ಹೇಳುವವನನ್ನೂ ಬೇರ್ಪಡಿಸುವ ಒರೆಗಲ್ಲು ಬೇಕು. ಮಗುವೇ ಮಾಡಿದ ಕಡತವು ಆ ಒರೆಗಲ್ಲಾಗಬಲ್ಲುದು. ಅದನ್ನು ಒಂದು ರಾತ್ರಿಯಲ್ಲಿ ಸೃಷ್ಟಿಸಲಾಗದು. ಸೃಷ್ಟಿಸಿದರೂ ಮಗುವಿನ ಬಾಯಿ ಅದನ್ನು ಬಯಲು ಮಾಡುವುದು. ಇದೇ ಅಧಿನಿಯಮದ ಇಪ್ಪತ್ತೊಂಬತ್ತನೆಯ ಪ್ರಕರಣವು ಚಟುವಟಿಕೆ, ಶೋಧನೆ, ಅನ್ವೇಷಣೆಗಳ ಮೂಲಕ ಕಲಿಕೆಯಾಗಬೇಕೆಂದು ಸಾರಿರುವಾಗ, ಅದಕ್ಕೆ ಪ್ರತ್ಯಕ್ಷ ನಿದರ್ಶನವಾದ ಕಡತವನ್ನು ಇಲಾಖೆಯು ತಿರಸ್ಕರಿಸುವುದು ಯುಕ್ತವೆನಿಸದು.

ನಮ್ಮ ಸೂಚನೆಯು ಇಷ್ಟೆ. ಮನೆಯಲ್ಲಿ ಪಾಠ ಹೇಳುವ ಕುಟುಂಬವು ವರ್ಷಕ್ಕೆ ನಾಲ್ಕೈದು ಕಡತಗಳನ್ನೂ, ಓದಿದ ಪುಸ್ತಕಗಳ ಪಟ್ಟಿಯನ್ನೂ, ಗಣಿತ ಮತ್ತು ಬರಹದ ನಿತ್ಯದ ಪುಸ್ತಕಗಳನ್ನೂ ತಾರೀಖು ಸಹಿತವಾಗಿ ಇಟ್ಟಿರಲಿ. ಆರು ತಿಂಗಳಿಗೊಮ್ಮೆ ನೆರೆಯ ಸರ್ಕಾರಿ ಶಾಲೆಯ ಉಪಾಧ್ಯಾಯರೊಬ್ಬರ ಮುಂದೆ ಮಗುವು ಅವುಗಳನ್ನು ತೆರೆದು ತೋರಿಸಲಿ. ಬಳಿಕ ಕಡತವನ್ನು ಮುಚ್ಚಿ, ತಂದೆತಾಯಿಗಳನ್ನು ಹೊರಗೆ ಕುಳ್ಳಿರಿಸಿ, ಅದರಲ್ಲಿರುವ ವಿಷಯವನ್ನು ಮಗು ತನ್ನ ಮಾತಿನಲ್ಲಿ ಹೇಳಲಿ. ಉಪಾಧ್ಯಾಯರು ಎರಡು ಸಾಲಿನ ಷರಾ ಬರೆಯಲಿ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಶಾಸನದಲ್ಲಿ ಸಣ್ಣದೊಂದು ತಿದ್ದುಪಡಿಯೂ ಉಪಾಧ್ಯಾಯರಿಗೆ ಒಂದು ಗಂಟೆಯ ಬಿಡುವೂ ಸಾಕು. ಆ ಮಗುವಿನ ಕಡತವನ್ನು ಕಂಡು ಶಾಲೆಯ ಮಕ್ಕಳಿಗೂ ಅಂತಹದೊಂದನ್ನು ಮಾಡಿಸಬೇಕೆಂಬ ಆಸೆ ಉಪಾಧ್ಯಾಯರಲ್ಲಿ ಹುಟ್ಟಿದರೆ ಅದು ಲಾಭದ ಮೇಲೆ ಲಾಭ.

ತಂದೆತಾಯಿಗಳಿಗೆ ಒಂದು ಮಾತು. ಮಗುವಿನ ಕಡತದಲ್ಲಿ ಅಕ್ಷರ ಸೊಟ್ಟಗಿದ್ದರೆ ಇರಲಿ, ಗೋಂದು ಹರಡಿದ್ದರೆ ಹರಡಿರಲಿ, ಚಕ್ರವು ಸರಾಗವಾಗಿ ತಿರುಗದಿದ್ದರೆ ಅದೇಕೆಂದು ಮಗುವೇ ಕಂಡುಕೊಳ್ಳಲಿ. ತಪ್ಪಾದ ಸಂಗತಿಯನ್ನು ಮಾತ್ರ ತಪ್ಪೆಂದು ಹೇಳಿ, ಅದರ ಕೈಯಿಂದಲೇ ತಿದ್ದಿಸಬೇಕು. ಅಧಿಕಾರಿಗಳಿಗೂ ಒಂದು ಮಾತು. ದಿನವೂ ನೂರು ಕಡತಗಳನ್ನು ನೋಡುವ ತಾವು, ಒಳಗೆ ಹುರುಳಿಲ್ಲದ ಕಡತವು ಹೊರಗೆ ಎಷ್ಟು ಅಚ್ಚುಕಟ್ಟಾಗಿರಬಲ್ಲುದೆಂಬುದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲಿರಿ. ಮಗುವಿನ ಕಡತವು ತಮ್ಮ ಮುಂದೆ ಬಂದಾಗ ಅದರ ಅಂದವನ್ನು ನೋಡದೆ, ಅದನ್ನು ಹಿಡಿದಿರುವ ಮಗುವನ್ನು ಮಾತನಾಡಿಸಿರಿ. ಬೇಕಾದ ಪ್ರಮಾಣವು ಅಲ್ಲಿಯೇ ದೊರೆಯುವುದು.